ಮೈನಾಳ ಶಿಳ್ಳೆ

ನನ್ನ ಮುದ್ದು ದೊಡ್ಡಮ್ಮಾ,

ನಾನು ಮದುವೆಯಾಗಿಬಿಟ್ಟೆ! ಅವನನ್ನೇ, ಆ ದೀಪದವನನ್ನೇ. ನಾಟಕಕ್ಕೆ ಲೈಟ್ ಬಿಡುವವನಿಗೆ ಯಾರು ಹೆಣ್ಣು ಕೊಡುತ್ತಾರೆ ಎಂದು ಕೇಳಿದ್ದೆಯಲ್ಲ? ಯಾರೂ ಕೊಡಲಿಲ್ಲ, ನಾನೇ ಹೋದೆ. ಸೋಮವಾರ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿದೆವು. ಅಮ್ಮ ಫೋನಿನಲ್ಲಿ ಒಂದಿಷ್ಟು ಅತ್ತು, ಆಮೇಲೆ ಏನು ಉಟ್ಟಿದ್ದೆ ಎಂದು ಕೇಳಿದಳು. ನಿನಗೆ ಫೋನ್ ಮಾಡಲಿಲ್ಲ. ನೀನು ಅರ್ಧಕ್ಕೇ ಇಟ್ಟುಬಿಡುತ್ತೀಯ. ಕಾಗದವನ್ನಾದರೆ ಹರಿಯುವ ಮೊದಲು ಓದಲೇಬೇಕು.

ಇನ್ನೊಂದು ಸುದ್ದಿಯಿದೆ. ಕೂತಲ್ಲಿ ಕೂರಲಾಗುತ್ತಿಲ್ಲ, ಬರೆಯುತ್ತ ಬರೆಯುತ್ತಲೇ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದೇನೆ. ನಾವು ಒಂದು ನಾಟಕ ಕಂಪನಿ ಕಟ್ಟಿದ್ದೇವೆ! ಮುಚ್ಚಿಹೋದ ಐಸ್ ಕಾರ್ಖಾನೆಯೇ ರಂಗಮಂದಿರ. ನಾಯಕಿ ಹಲ್ಲಿನ ಡಾಕ್ಟರು, ರಾಜನ ಪಾತ್ರ ಅಂಚೆಯವನದು, ಮರೆತವರಿಗೆ ಮಾತು ಎತ್ತಿಕೊಡುವವಳು ನಾನು. ಮುಂದಿನ ವಾರ ಶನಿವಾರ ಮೊದಲ ಪ್ರದರ್ಶನ.

ಅಟ್ಟದ ಮೇಲೆ ಹಗ್ಗ ಹಿಡಿದು ಪರದೆ ಏರಿಸಿ ಇಳಿಸುವವರು ನನ್ನವನ ತಾತ. ಹಳೆಯ ಕಂಪನಿಯೊಂದರಲ್ಲಿ ಅದೇ ಕೆಲಸ ಮಾಡಿ ಮುದುಕರಾದವರು. ಅವರ ನಂಬಿಕೆಗಳು ಒಂದೆರಡಲ್ಲ. ನಾಟಕದ ಕೊನೆಯ ಮಾತನ್ನು ತಾಲೀಮಿನಲ್ಲಿ ಆಡಬಾರದು. ಪ್ರೇಕ್ಷಕರಿಲ್ಲದೆ ಮುಗಿಸಿದ ಕಥೆ ಮತ್ತೆ ಶುರುವಾಗಲು ಒಪ್ಪುವುದಿಲ್ಲವಂತೆ. ಹಾಗಾಗಿ ನಮ್ಮ ರಾಜ ದಿನವೂ 'ಲಲಲಾ' ಎಂದು ಸಾಯುತ್ತಾನೆ. ಖಾಲಿ ರಂಗದ ಮೇಲೂ ಒಂದು ದೀಪ ಉರಿಯುತ್ತಿರಬೇಕು. ಎಲ್ಲಕ್ಕಿಂತ ಮುಖ್ಯ, ಅಲ್ಲಿ ಯಾರೂ ಶಿಳ್ಳೆ ಹಾಕಕೂಡದು. ನಾನು ನಕ್ಕಿದ್ದೆ. ಕಾನ್ವೆಂಟಿನವಳಲ್ಲವೇ, ನನಗೆ ಎಲ್ಲವೂ ಸೂಪರ್‌ಸ್ಟಿಷನ್!

ಸೋಮವಾರ ಸಹಿ ಹಾಕಿ ನೇರ ಅಲ್ಲಿಗೇ ಓಡಿದೆವು. ಸಮುದ್ರದ ಚಿತ್ರ ಬರೆದ ಹೊಸ ಪರದೆ ಆಗಷ್ಟೇ ಮೇಲೇರಿತ್ತು. ತಾತ ಹಗ್ಗವನ್ನು ಗೂಟಕ್ಕೆ ಬಿಗಿಯುವುದರಲ್ಲಿದ್ದರು. ನನ್ನವನು ರಂಗದ ನಡುವೆ ನಿಂತು ಬಾ ಎಂದು ಕೈ ಚಾಚಿದ. ಸಂತೋಷ ತಡೆಯಲಾರದೆ ಶಿಳ್ಳೆ ಹಾಕಿಬಿಟ್ಟೆ. ಒಂದು ತಗ್ಗು, ಒಂದು ಏರು.

ಪರದೆ ತೊಲೆಯ ಸಮೇತ ಧಡಾರನೆ ಬಿತ್ತು. ಅವನ ಮೂಗಿಗೂ ತೊಲೆಗೂ ಗೇಣು ಅಂತರ. ಮದುವೆಯಾಗಿ ಒಂದು ಗಂಟೆಯೂ ಆಗಿರಲಿಲ್ಲ, ದೊಡ್ಡಮ್ಮಾ.

ತಾತ ಏಣಿ ಇಳಿದು ಬಂದರು. ಬಯ್ಯುತ್ತಾರೆ ಎಂದುಕೊಂಡೆ. ಅವರು ಕೇಳಿದ್ದೇ ಬೇರೆ: "ಆ ಶಿಳ್ಳೆ ನಿನಗ್ಯಾರು ಕಲಿಸಿದ್ದು ಮಗಾ?" ಯಾರೂ ಇಲ್ಲ ತಾತ, ನಮ್ಮ ದೊಡ್ಡಮ್ಮ ಬಟ್ಟೆ ಒಣಗಿಸೋ ಹಗ್ಗ ಇಳಿಸುವಾಗ ಹಾಕ್ತಾರೆ, ಎಂದೆ. "ಅಯ್ಯೋ, ನಮ್ಮ ಮೈನಾ!" ಎನ್ನುತ್ತ ಏಣಿಯ ಕೆಳಮೆಟ್ಟಿಲ ಮೇಲೆ ಕುಳಿತರು.

ಆಮೇಲೆ ಎಲ್ಲ ಹೇಳಿದರು. ಅಟ್ಟದವರಿಗೆ ಕೆಳಗಿನ ಮಾತು ಕೇಳಿಸುತ್ತಿರಲಿಲ್ಲ, ಶಿಳ್ಳೆಯೇ ಅಪ್ಪಣೆ. ತಗ್ಗು, ಏರು ಎಂದರೆ 'ಬಿಡು'. ಬೇರೆ ಯಾರಾದರೂ ಹಾಕಿದರೆ ಯಾರದೋ ತಲೆ ಒಡೆಯುತ್ತಿತ್ತು. ನಿಷೇಧ ಹುಟ್ಟಿದ್ದು ಹಾಗೆ. ಮರೆಯಲ್ಲಿ ನಿಂತು ಆ ಶಿಳ್ಳೆ ಹಾಕುತ್ತಿದ್ದ ಹುಡುಗಿಯನ್ನು ಇಡೀ ಕಂಪನಿ ಮೈನಾ ಎನ್ನುತ್ತಿತ್ತಂತೆ. ಮದುವೆಯಾಗಿ ಹೋದವಳು ಮತ್ತೆ ಆ ಕಡೆ ತಲೆ ಹಾಕಲಿಲ್ಲವಂತೆ.

ನೀನು! ದೊಡ್ಡಪ್ಪ ಬದುಕಿದ್ದಷ್ಟು ದಿನವೂ ನಾಟಕದ ಹೆಸರೆತ್ತದ ನೀನು! ನಾನು ತುಟಿ ದುಂಡಗೆ ಮಾಡಿದರೆ ಸಾಕು, "ಹೆಣ್ಣು ಶಿಳ್ಳೆ ಹಾಕಿದ್ರೆ ತಲೆ ಮೇಲೆ ಸೂರು ಬೀಳುತ್ತೆ ಕಣೇ" ಎಂದು ಸೌಟು ಎತ್ತುತ್ತಿದ್ದ ನೀನು! ಕೊನೆಗೂ ಬಿತ್ತಲ್ಲ. ಸಂಜೆ ಹಿತ್ತಿಲಲ್ಲಿ ಒಬ್ಬಳೇ ಇದ್ದೇನೆಂದುಕೊಂಡು, ರಾಟೆಯ ಹಗ್ಗ ಸಡಿಲಿಸುವ ಮುನ್ನ ನೀನು ಹಾಕುತ್ತಿದ್ದ ಆ ಎರಡು ಸ್ವರ ನನ್ನ ಬಾಯಿಗೆ ಹೇಗೋ ಹತ್ತಿಬಿಟ್ಟಿತ್ತು. ಅದು ಬಟ್ಟೆಗಳಿಗಲ್ಲ ಎಂದು ನನಗೇನು ಗೊತ್ತು? ಅಷ್ಟು ವರ್ಷ ನಮ್ಮ ಅಂಗಿ ಲಂಗಗಳನ್ನು ನೀನು ಸಮುದ್ರದಂತೆ, ಅರಮನೆಯಂತೆ ಇಳಿಸುತ್ತಿದ್ದೆಯೇನು?

ಈಗ ತಾತ ಹಗ್ಗ ಮುಟ್ಟುತ್ತಿಲ್ಲ. "ಆ ಶಿಳ್ಳೆ ಕೇಳಿದ್ರೆ ಕೈ ನನ್ನ ಮಾತು ಕೇಳಲ್ಲ, ಮೊಮ್ಮಗನ್ನೇ ಕೊಲ್ತಿದ್ದೆ" ಎನ್ನುತ್ತಾರೆ. ಅವರ ಹೊರತು ಆ ಭಾರ ಹಿಡಿಯಲು ಬಲ್ಲವರಿಲ್ಲ. ದೀಪದಲ್ಲಿ ಸೂಚನೆ ಕೊಡುತ್ತೇನೆ ಎಂದ ನನ್ನವನು; ತಾತನ ಕಣ್ಣು ಮಂಜು, ಕಿವಿ ಮಾತ್ರ ಸೂಜಿ. ನಿನ್ನೆ, "ಕೆಳಗೆ ಮೈನಾ ನಿಂತಿದ್ರೆ ನನಗೆ ಹೆದರಿಕೆ ಇರ್ತಿರಲಿಲ್ಲ. ಅವಳು ಹೊತ್ತಲ್ಲದ ಹೊತ್ತಲ್ಲಿ ಒಂದು ದಿನವೂ ಬಾಯಿ ಬಿಡಲಿಲ್ಲ" ಎಂದರು.

ಬಾ ದೊಡ್ಡಮ್ಮಾ. ಹಲ್ಲು ಕಟ್ಟಿಸಿಕೊಂಡ ಮೇಲೆ ಶಿಳ್ಳೆ ಬರುವುದಿಲ್ಲ ಎನ್ನಬೇಡ, ನಮ್ಮ ನಾಯಕಿಯೇ ಹಲ್ಲಿನ ಡಾಕ್ಟರು! ನೋಡಿದವರು ಏನೆಂದಾರು ಎನ್ನಬೇಡ, ನೀನು ಮರೆಯಲ್ಲೇ ನಿಲ್ಲುತ್ತೀಯ. ನೀನು ಬಾರದಿದ್ದರೆ ಶನಿವಾರ ಸಮುದ್ರ ಇಳಿಯುವುದಿಲ್ಲ, ನಮ್ಮ ರಾಜ ಜೀವಮಾನವಿಡೀ 'ಲಲಲಾ' ಎಂದೇ ಸಾಯಬೇಕಾಗುತ್ತದೆ.

ಈ ಮದುಮಗಳನ್ನು ಕೈಯೆತ್ತಿ ಹರಸಬೇಡ, ತುಟಿ ದುಂಡಗೆ ಮಾಡಿ ಹರಸು. ನಿನ್ನ ಉಸಿರು ನೂರು ವರ್ಷ ಗಟ್ಟಿಯಾಗಿರಲಿ.

ನಿನ್ನ ಬಾಯಿಬಡುಕಿ

ಅಯ್ಯೋ, ಮುಖ್ಯವಾದದ್ದನ್ನೇ ಬಿಟ್ಟೆ! ವಾಪಸು ಬರುವುದಕ್ಕೆ ಎರಡು ಟಿಕೆಟ್ ಮಾಡಿಸಿಯಾಗಿದೆ. ನಿನ್ನನ್ನು ಕರೆದೊಯ್ಯಲು ಬರುತ್ತಿದ್ದೇನೆ: ಮುಂದಿನ ವಾರ ಗುರುವಾರ, ಬೆಳಗಿನ ಪ್ಯಾಸೆಂಜರ್ ಗಾಡಿ.