ಗೋಡೆಗೆ ತಿರುಗಿಸಿದ ಮಾನಿಟರ್

ಗೋಪಾಳ, ಶಿವಮೊಗ್ಗ
ಶನಿವಾರ, 16-11-2024

ಯೋಗರಾಜ್ ಅವರಿಗೆ, ಮಧುಶ್ರೀಯ ನಮಸ್ಕಾರ.

ಅತ್ತೆ ಚೆನ್ನಾಗಿದ್ದಾರೆ. ಮಾವನ ತಿಥಿ ಮುಗಿಸಿ ಇಲ್ಲಿಗೆ ಬಂದ ಮೇಲೆ ನಿನ್ನೆಯೇ ಮೊದಲ ಸಲ ಎರಡು ಹೊತ್ತೂ ಸರಿಯಾಗಿ ಊಟ ಮಾಡಿದರು. ಈಗ ಒಳಗೆ ಮಲಗಿದ್ದಾರೆ. ಭದ್ರಾವತಿಯ ಮನೆಯಲ್ಲಿ ಆ ಖಾಲಿ ಮಂಚ ನೋಡಲಾಗುವುದಿಲ್ಲ ಎನ್ನುತ್ತಾರೆ. ಇನ್ನೊಂದು ವಾರ ಇಲ್ಲೇ ಇರಲಿ. ನೀವು, ನಾನು ಬೇರೆಯಾಗಿ ಎರಡು ವರ್ಷವಾದರೂ ಅವರು ನನ್ನನ್ನು ಸೊಸೆಯಲ್ಲ ಎಂದಿಲ್ಲ. ನಮ್ಮಿಬ್ಬರ ವಿಷಯ ಈ ಕಾಗದದಲ್ಲಿ ಬರುವುದಿಲ್ಲ, ಹೆದರಬೇಡಿ.

ಬರೆಯುತ್ತಿರುವುದು ಸಿಸ್ಟರ್ ಸೆಲ್ವಿಯ ವಿಷಯ. ಐಸಿಯುನಲ್ಲಿ ಅವಳು ಮಷೀನ್ ಆಫ್ ಮಾಡಿದ್ದರಿಂದಲೇ ಮಾವ ತೀರಿಕೊಂಡರು ಎಂದು ನೀವು ಆಸ್ಪತ್ರೆಗೆ ದೂರು ಕೊಟ್ಟಿದ್ದೀರಿ. ಸೋಮವಾರ ವಿಚಾರಣೆ. ಅಲ್ಲಿಯವರೆಗೆ ಅವಳಿಗೆ ಡ್ಯೂಟಿ ಇಲ್ಲ. ಕೆಲಸವೇ ಹೋದರೂ ಹೋಗಬಹುದು. ನನ್ನನ್ನೂ ಕರೆದಿದ್ದಾರೆ. ನಾಲ್ಕು ಜನರ ಮುಂದೆ ನಿಮ್ಮ ಮಾತಿಗೆ ವಿರುದ್ಧ ಹೇಳುವ ಮೊದಲು ನಿಮಗೇ ಹೇಳಬೇಕು ಅನ್ನಿಸಿತು. ಫೋನ್ ಮಾಡಿದರೆ ನೀವು ಕೂಗುತ್ತೀರಿ, ನಾನು ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ. ದಿನವೂ ಸಂಜೆ ಬಸ್ಸಿಗೆ ಭದ್ರಾವತಿಗೆ ಹೋಗುವ ನಮ್ಮ ಪತ್ರಿಕೆ ಕಚೇರಿಯ ಏಕಾಂತಪ್ಪನವರ ಕೈಯಲ್ಲಿ ಕಳಿಸುತ್ತಿದ್ದೇನೆ. ಪ್ರೂಫ್ ನೋಡುವವಳು ನಾನು. ಕಂಡದ್ದನ್ನೂ ಕೇಳಿದ್ದನ್ನೂ ಬೆರೆಸದೆ ಬರೆಯುತ್ತೇನೆ.

ಮೊದಲು ಕಂಡದ್ದು.

ಸ್ಟ್ರೋಕ್, ಆಮೇಲೆ ನ್ಯುಮೋನಿಯಾ, ಕೊನೆಗೆ ಕಿಡ್ನಿಯೂ ಹೋಯಿತು. ಇನ್ನು ಉಳಿಯುವುದಿಲ್ಲ, ಹೃದಯ ನಿಂತರೆ ಎದೆ ಒತ್ತಿ ಹಿಂಸೆ ಕೊಡುವುದು ಬೇಡ ಎಂದು ಡಾಕ್ಟರು ಹೇಳಿದಾಗ ನೀವೇ ತಲೆಯಾಡಿಸಿದಿರಿ. ಅದು ಸರಿಯಾದ ತೀರ್ಮಾನ. ಆದರೆ ಆಮೇಲೂ ನೀವು ಮಾನಿಟರಿನಿಂದ ಕಣ್ಣು ಕೀಳಲಿಲ್ಲ. ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ದಿನವಿಡೀ ಪ್ಯಾನೆಲ್ ಬೋರ್ಡ್ ನೋಡುವ ನೀವು ಅತ್ತೆಗೂ ಕಲಿಸಿದಿರಿ: ಹಸಿರು ಗೆರೆ ಹೃದಯ, ನೀಲಿ ಅಂಕಿ ಆಕ್ಸಿಜನ್. ಬಸ್ಸಿನ ನಂಬರ್ ಬಿಟ್ಟು ಬೇರೇನೂ ಓದಲು ಬಾರದ ಅತ್ತೆ ಅದನ್ನೇ ಹಿಡಿದು ಕುಳಿತರು. "ಎಂಬತ್ತಾರಕ್ಕೆ ಬಂತಲ್ಲೇ ಮಧು, ಬೆಳಿಗ್ಗೆ ತೊಂಬತ್ತಿತ್ತು" ಎನ್ನುವುದೊಂದೇ ಮಾತು. ಮಾವ ಅಲ್ಲಿ ಮಲಗಿದ್ದರು. ನಾವು ಮೂವರೂ ಪೆಟ್ಟಿಗೆಯನ್ನು ನೋಡುತ್ತಿದ್ದೆವು.

ಸೆಲ್ವಿ ಮಾತ್ರ ಮಾವನನ್ನು ನೋಡುತ್ತಿದ್ದಳು. ಭದ್ರಾವತಿಯ ಕಾಗದದ ಕಾರ್ಖಾನೆಯ ಪೇಪರ್ ಟೌನಿನಲ್ಲಿ ಬೆಳೆದ ಹುಡುಗಿ. ಮಾವ ಉಕ್ಕಿನ ಕಾರ್ಖಾನೆಯಲ್ಲಿದ್ದವರು ಎಂದು ನನ್ನಿಂದ ಕೇಳಿ ತಿಳಿದುಕೊಂಡಳು. ಕೊನೆಯ ದಿನ ಬೆಳಿಗ್ಗೆ ಅವರಿಗೆ ಶೇವ್ ಮಾಡುತ್ತಾ, "ತಾತಾ, ಗಡ್ಡ ಬಿಟ್ಕೊಂಡು ಫಸ್ಟ್ ಶಿಫ್ಟಿಗೆ ಹೋದ್ರೆ ಫೋರ್‌ಮನ್ ಒಳಗೆ ಬಿಡ್ತಾರಾ?" ಎಂದಳು.

ಅತ್ತೆ ಅಷ್ಟು ದಿನದಲ್ಲಿ ಮೊದಲ ಸಲ ನಕ್ಕರು. "ಇವ್ರೇ ಫೋರ್‌ಮನ್ ಕಣವ್ವ. ಇವ್ರನ್ನ ತಡೆಯೋರ್ಯಾರು!"

"ಹೌದಾ? ನೀವು ಇವ್ರನ್ನ ಏನಂತ ಕರೀತೀರಿ ಅಜ್ಜಿ?"

"ಗಂಡನ್ನ ಏನಂತ ಕರೀತಾರೆ, ಏನ್ರೀ ಅಂತೀನಿ."

"ಹಂಗೇ ಕರೀರಿ. ಕಿವಿ ಕೇಳ್ತಿದ್ರೂ ಕೇಳ್ತಿರ್ಬಹುದು."

ಅತ್ತೆ ನಾಚಿಕೊಂಡು ಮತ್ತೆ ಮಾನಿಟರ್ ಕಡೆ ತಿರುಗಿದರು.

ಮಧ್ಯಾಹ್ನ ನೀವು ನೆಂಟರಿಗೆ ಫೋನ್ ಮಾಡಲು ಹೊರಗೆ ಹೋದಿರಿ. ಬಾಯಿಗೆ ನೀರು ಬಿಡಬೇಕಲ್ಲ ಎಂದು ಅತ್ತೆ ಅತ್ತರು. ಬಾಯಲ್ಲಿ ನಳಿಗೆಯಿತ್ತು. ಸೆಲ್ವಿ ಡಾಕ್ಟರನ್ನು ಕೇಳಿ ಬಂದು, ಹತ್ತಿಯಲ್ಲಿ ತುಟಿ ಒದ್ದೆ ಮಾಡಬಹುದು ಎಂದಳು. ಹೊರಗಿನ ಬೆಂಚಿನ ಮೇಲಿದ್ದ ಚೀಲದಿಂದ ತುಳಸಿ ನೀರು ತರಲು ನಾನು ಹೋದೆ. ತಿರುಗಿ ಬರುವಾಗ ಮಾನಿಟರಿನ ಕೂಗು ನಿಂತಿತ್ತು. ಸೆಲ್ವಿ ಅದನ್ನು ಗೋಡೆಯ ಕಡೆ ತಿರುಗಿಸುತ್ತಿದ್ದಳು. ಗಾಜಿನಾಚೆಯಿಂದ ನೀವು ನೋಡಿದ್ದು ಅಷ್ಟೇ. "ಮಷೀನ್ ಆಫ್ ಮಾಡ್ಬಿಟ್ಲು! ಯಾರನ್ನ ಕೇಳಿ ಮಾಡ್ದೆ?" ಎಂದು ನೀವು ನುಗ್ಗಿದಿರಿ, ಸೆಕ್ಯುರಿಟಿಯವನು ಅಡ್ಡ ನಿಂತ. ಆಮೇಲೆ ನೀವು ಬಾಗಿಲಲ್ಲೇ ಉಳಿದಿರಿ. ಒಳಗಿನದ್ದು ನಿಮಗೆ ಗೊತ್ತಿಲ್ಲ.

ಪೆಟ್ಟಿಗೆ ಸುಮ್ಮನಾದದ್ದೇ ಅತ್ತೆ ಮಾವನ ಕಡೆ ತಿರುಗಿದರು. ಸೆಲ್ವಿ ಮಂಚದ ಪಕ್ಕದ ಸರಳು ಇಳಿಸಿ, ಕುರ್ಚಿ ಹತ್ತಿರಕ್ಕೆಳೆದು, ಅತ್ತೆಯ ಅಂಗೈಗೆ ಕೊಬ್ಬರಿ ಎಣ್ಣೆ ಹಾಕಿದಳು. ಅತ್ತೆ ಮಾವನ ಕೈಗೆ ಸವರುತ್ತಾ ಮೊಣಕೈ ಹತ್ತಿರದ ಸುಟ್ಟ ಕಲೆಯಲ್ಲಿ ನಿಂತರು. "ಇದು ಮದ್ವೆಯಾದ್ ವರ್ಷದ್ದು. ನಂಗೆ ಹೇಳ್ದೆ ತುಂಬು ತೋಳಿನ ಅಂಗಿ ಹಾಕ್ಕೊಂಡು ಓಡಾಡಿದ್ರು, ಕಳ್ಳ" ಎಂದರು. ತುಟಿ ಒದ್ದೆ ಮಾಡಿದರು. ಆಗಲೇ ಹೊರಗಿನಿಂದ ನಿಮ್ಮ ಕೂಗು ಮತ್ತೆ ಕೇಳಿಸಿತು. ಅತ್ತೆ ಬಗ್ಗಿ ಮಾವನ ಕಿವಿಯಲ್ಲಿ, "ಏನ್ರೀ, ಯೋಗ ಬಾಗ್ಲಲ್ಲೇ ಅವ್ನೆ. ಕೇಳ್ತಾ ಅವ್ನ ಗಂಟ್ಲು? ನಿಮ್ದೇ ಗಂಟ್ಲು" ಎಂದರು.

ಅದಾಗಿ ಸ್ವಲ್ಪ ಹೊತ್ತಿಗೆ ಮಾವ ಹೋದರು. ಅಪ್ಪ ಹೋಗುವಾಗ ನಾನಿರಲಿಲ್ಲ ಎಂದು ನೀವು ಸುಡುಗಾಡಿನಲ್ಲಿ ಅತ್ತಿರಂತೆ. ನೀವು ಇದ್ದಿರಿ.

ಆಸ್ಪತ್ರೆಯಲ್ಲೇ ಕೊನೆಯ ಸ್ನಾನ ಮಾಡಿಸುವಾಗಲೂ ಸೆಲ್ವಿ, "ತಾತಾ, ಈಗ ಎಡಕ್ಕೆ ತಿರುಗಿಸ್ತೀನಿ, ಬಿಸಿನೀರೇ ಇದೆ" ಎನ್ನುತ್ತಿದ್ದಳು. ಇನ್ನು ಅವರಿಗೆ ಕೇಳುವುದಿಲ್ಲವಲ್ಲ ಎಂದೆ. "ಅಜ್ಜಿಗೆ ಕೇಳುತ್ತಲ್ಲ ಅಕ್ಕ" ಎಂದಳು.

ಇನ್ನು ಕೇಳಿ ತಿಳಿದದ್ದು. ಅವಳು ನಿಲ್ಲಿಸಿದ್ದು ಮಾನಿಟರಿನ ಶಬ್ದವನ್ನು ಮಾತ್ರ. ಉಸಿರಾಟದ ಯಂತ್ರವೇ ಬೇರೆ; ಡಾಕ್ಟರ್ ವಾದಿರಾಜ ಬಂದು ಪರೀಕ್ಷಿಸಿ ಹೇಳುವವರೆಗೂ ಅದು ನಡೆಯುತ್ತಲೇ ಇತ್ತು. ಮಂಚದ ಬಳಿಯ ಮಾನಿಟರ್ ತಿರುಗಿಸಿದರೂ ಅದೇ ಅಂಕಿಗಳು ನರ್ಸುಗಳ ಮೇಜಿನ ಮೇಲೆ ಕಾಣುತ್ತಿರುತ್ತವೆ ಎಂದು ಅವರು ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದರು. ನಿಮ್ಮ ಪ್ಯಾನೆಲ್ ಬೋರ್ಡು ಸುಮ್ಮನಾದರೆ ಕುಲುಮೆ ನಿಂತಿತೆಂದು ಅರ್ಥವಿರಬಹುದು. ಇಲ್ಲಿ ಹಾಗಲ್ಲ.

ಸೆಲ್ವಿಯನ್ನೂ ಕಂಡೆ. ಯಾಕೆ ತಿರುಗಿಸಿದೆ, ಯಾರಾದರೂ ಹೇಳಿದರಾ ಎಂದು ಕೇಳಿದೆ. "ಯಾರೂ ಹೇಳಿಲ್ಲ ಅಕ್ಕ, ನಂಗೇ ತೋಚ್ತು. ಅಣ್ಣಂಗೆ ಒಂದ್ ಮಾತು ಹೇಳಿ ಮಾಡ್ಬೇಕಿತ್ತು, ಅದು ನಂದೇ ತಪ್ಪು" ಎಂದಳು. ನಿಮ್ಮ ಮೇಲೆ ಒಂದು ಕೆಟ್ಟ ಮಾತಾಡಲಿಲ್ಲ. ಅಜ್ಜಿ ನಿದ್ದೆ ಮಾಡುತ್ತಾರಾ ಎಂದು ಕೇಳಿದಳು.

ದೂರು ವಾಪಸ್ ತೆಗೆದುಕೊಳ್ಳಿ. ಅವಳು ಮಾವನ ಜೀವ ತೆಗೆಯಲಿಲ್ಲ. ನಲವತ್ತೆಂಟು ವರ್ಷ ಸಂಸಾರ ಮಾಡಿದ ಇಬ್ಬರಿಗೆ ಕೊನೆಗೊಮ್ಮೆ ಮಾತಾಡಲು ಜಾಗ ಮಾಡಿಕೊಟ್ಟಳು.

ಇಂತಿ,
ಮಧುಶ್ರೀ

ಇನ್ನೊಂದು ಮಾತು: ಕವರಿಗೆ ಹಾಕುವಷ್ಟರಲ್ಲಿ ಅತ್ತೆ ಎದ್ದು ಬಂದು ಓದಿ ಹೇಳು ಎಂದರು, ಓದಿದೆ. ನೀವು ದೂರು ಕೊಟ್ಟದ್ದು ಅವರಿಗೆ ಈಗಲೇ ಗೊತ್ತಾದದ್ದು. ಸೆಲ್ವಿ "ಯಾರೂ ಹೇಳಿಲ್ಲ" ಎಂದ ಕಡೆ ನನ್ನ ಕೈ ಹಿಡಿದು ನಿಲ್ಲಿಸಿದರು. "ಸುಳ್ಳು. ನಾನೇ ಹೇಳಿದ್ದು. ಅದ್ರ ಬಾಯಿ ಮುಚ್ಸಿ ಆ ಕಡೆ ತಿರುಗ್ಸು ತಾಯಿ, ನಾನು ನನ್ ಗಂಡನ್ನ ನೋಡ್ಬೇಕು ಅಂತ. ನೀನು ನೀರು ತರಕ್ಕೆ ಹೋಗಿದ್ದೆ." ಮಗ ತಾಯಿಯ ಮೇಲೆ ಸಿಟ್ಟಾಗದಿರಲಿ ಎಂದು ಆ ಹುಡುಗಿ ಕೆಲಸ ಹೋಗುವ ಹೊತ್ತಿನಲ್ಲೂ ಬಾಯಿ ಬಿಟ್ಟಿರಲಿಲ್ಲ. ಅತ್ತೆ ಹೇಳಿದ್ದನ್ನು ಹೇಳಿದಂತೆಯೇ ಬರೆಯುತ್ತಿದ್ದೇನೆ: "ಅವ್ನು ವಾಪಸ್ ತಗೊಳ್ದಿದ್ರೆ ಸೋಮವಾರ ನಾನೂ ಬರ್ತೀನಿ. ದೂರಲ್ಲಿ ಆ ಹುಡ್ಗಿ ಹೆಸ್ರು ಹೊಡ್ದಾಕಿ ನನ್ ಹೆಸ್ರು ಹಾಕ್ಸು ಅನ್ನು, ಹುಲಿಗೆಮ್ಮ, ರಂಗಪ್ಪನ ಹೆಂಡ್ತಿ ಅಂತ."