ಬಿಯರನ್ನು ಉಗುಳಬಾರದು, ಶಂಕರಿ

ಮಲ್ಲಂದೂರು
8 ನವೆಂಬರ್ 1998, ಭಾನುವಾರ

ಪ್ರೀತಿಯ ಶಂಕರಿಗೆ,

ಇಲ್ಲಿ ನಾನು ಕ್ಷೇಮ ಎಂದು ಶುರುಮಾಡಿದರೆ ಕಡಿಮೆ ಹೇಳಿದಂತಾಗುತ್ತದೆ. ಈ ಐವತ್ತನಾಲ್ಕನೇ ವಯಸ್ಸಿನಲ್ಲಿ ಮನುಷ್ಯ ಇಷ್ಟು ಕ್ಷೇಮವಾಗಿರಬಹುದು ಎಂದು ನನಗೇ ಗೊತ್ತಿರಲಿಲ್ಲ. ಕಾಫಿ ಹಣ್ಣಿನ ಕುಯ್ಲು ಶುರುವಾಗಿದೆ, ಸಿಪ್ಪೆ ಬಿಡಿಸುವ ಪಲ್ಪರ್ ಕೈಕೊಟ್ಟಿದೆ, ಆಳುಗಳು ಸಾಲುತ್ತಿಲ್ಲ, ಆದರೂ ತೋಟದಲ್ಲಿ ನಡೆಯುವಾಗ ಹಾಡು ಗುನುಗುತ್ತಿರುತ್ತೇನಂತೆ. ನಮ್ಮ ಮೇಸ್ತ್ರಿ ಭೂತಯ್ಯ ಹಿಂದೆ ತಿರುಗಿ ತಿರುಗಿ ನೋಡುತ್ತಾನೆ.

ನಿನ್ನ ಕಾರ್ಡು ಬುಧವಾರ ಬಂತು. ಹೋಗಿ ಹೋಗಿ ಕಾರ್ಡಿನಲ್ಲಿ ಬರೆದೆಯಲ್ಲ ಮಾರಾಯ್ತಿ, ಪೋಸ್ಟ್‌ಮ್ಯಾನಿನಿಂದ ಹಿಡಿದು ತೋಟದ ಲೆಕ್ಕ ಬರೆಯುವ ರೈಟರ್ ತನಕ ಎಲ್ಲರೂ ಓದಿ ಮುಗಿಸಿದ ಮೇಲೆ ನನ್ನ ಕೈ ಸೇರಿತು. ಕೇಳಿದ್ದು ಎರಡೇ ಪ್ರಶ್ನೆ. ಜರ್ಮನಿಯಲ್ಲಿ ನಾನು ಬಿಯರ್ ಕುಡಿದೆನೆಂದು ನಮ್ಮ ಜೊತೆ ಬಂದಿದ್ದ ಭಾಗಮ್ಮ ಹೇಳಿದ್ದು ನಿಜವೇ, ಮತ್ತು ನಿನ್ನ ತಮ್ಮನೂ ನಾನೂ ಏನು ನಡೆಸಿದ್ದೇವೆ. ಮೊದಲನೆಯದಕ್ಕೆ ಉತ್ತರ ಸುಲಭ. ಕುಡಿದೆ, ಚೆನ್ನಾಗಿತ್ತು. ಎರಡನೆಯದಕ್ಕೂ ಉತ್ತರ ಕೊಡುತ್ತೇನೆ, ಆದರೆ ಮೊದಲನೆಯದನ್ನು ಪೂರ್ತಿ ಹೇಳದೆ ಅದು ನಿನಗೆ ಅರ್ಥವಾಗುವುದಿಲ್ಲ. ನಲವತ್ತು ವರ್ಷದ ನಮ್ಮ ಸ್ನೇಹ ಉಳಿಯುವುದೋ ಮುರಿಯುವುದೋ ಈ ಕಾಗದದಲ್ಲೇ ತೀರ್ಮಾನವಾಗಬೇಕು. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ ಬಂದು ಕೂತುಕೋ.

ಬೋರ್ಡಿಗೇ ಕೊಡಬೇಕೆಂಬ ಕಟ್ಟು ಹೋಗಿ ಕಾಫಿ ಮಾರುವ ಸ್ವಾತಂತ್ರ್ಯ ನಮ್ಮ ಕೈಗೇ ಬಂದ ಮೇಲೆ, ಕೊಳ್ಳುವವರನ್ನು ಕಣ್ಣಾರೆ ನೋಡಿ ಬರೋಣವೆಂದು ಬೆಳೆಗಾರರ ತಂಡ ಯುರೋಪಿಗೆ ಹೊರಟದ್ದು ನಿನಗೆ ಗೊತ್ತೇ ಇದೆ. ನಮ್ಮ ಮನೆಯವರು ಹೋದ ಮೇಲೆ ತೋಟ ನಡೆಸುತ್ತಿರುವವಳು ನಾನು, ಕಾಫಿಯ ರುಚಿ ಪರೀಕ್ಷೆ ಕಲಿತವಳೂ ಆ ತಂಡದಲ್ಲಿ ನಾನೊಬ್ಬಳೇ. ನಿನ್ನ ತಮ್ಮ ಮಲ್ಲಿಕಾರ್ಜುನನೂ ಬರುತ್ತಾನೆಂದಾಗ, 'ನಂಜಿಗೆ ಚಳಿ ತಡೆಯುವುದಿಲ್ಲ, ನೋಡಿಕೋ' ಎಂದು ಅವನಿಗೆ ಅಪ್ಪಣೆ ಕೊಟ್ಟು ಕಳಿಸಿದವಳು ನೀನೇ. ಹಾಗಾಗಿ ಮುಂದೆ ಆದದ್ದರಲ್ಲಿ ನಿನ್ನದೂ ಒಂದು ಪಾಲಿದೆ.

ಮೊದಲು ಜರ್ಮನಿಯ ಬ್ರೆಮನ್. ಅಲ್ಲಿ ಬಿಯರಿನ ಸುದ್ದಿಯಿಲ್ಲ, ಬರೀ ಕಾಫಿ. ಸಾಲಾಗಿ ಕಪ್ಪು ಇಟ್ಟು, ಚಮಚದಲ್ಲಿ ತೆಗೆದು, ಸೊರ್ ಎಂದು ಎಳೆದು, ನಾಲಿಗೆಯ ಮೇಲೆ ಹೊರಳಿಸಿ, ಪೀಕದಾನಿಗೆ ಉಗುಳುವುದು. ನಮ್ಮ ಮಲ್ಲಂದೂರಿನ ಅರೇಬಿಕಾ ಬಾಯಿಗೆ ಬಿದ್ದಾಗ ಅಲ್ಲಿಯ ದೊಡ್ಡವರು ಹುಬ್ಬು ಏರಿಸಿದರು. ನಮಗೆಲ್ಲ ಒಂದೊಂದು ಬೆಳ್ಳಿ ಚಮಚ ಉಡುಗೊರೆ ಕೊಟ್ಟರು. ಆ ಚಮಚವೇ ಆಮೇಲೆ ನಮ್ಮ ಮಾನ ಕಳೆಯಿತು.

ಅಲ್ಲಿಂದ ಕಲೋನ್. ಅಲ್ಲಿ ಬಿಯರಿನ ಗ್ಲಾಸು ಸಣ್ಣದು, ನಮ್ಮ ಕಾಫಿ ಲೋಟಕ್ಕಿಂತ ಸ್ವಲ್ಪ ಉದ್ದ. ಖಾಲಿಯಾದ ಕೂಡಲೇ ಕೇಳದೆಯೇ ಇನ್ನೊಂದು ತಂದಿಡುತ್ತಾರೆ. ಸಾಕೆಂದರೆ ಗ್ಲಾಸಿನ ಮೇಲೆ ರಟ್ಟಿನ ಬಿಲ್ಲೆ ಮುಚ್ಚಬೇಕಂತೆ, ಮದುವೆ ಊಟದಲ್ಲಿ ಎಲೆಗೆ ಕೈ ಅಡ್ಡ ಹಿಡಿದ ಹಾಗೆ. ನಮ್ಮ ಗಂಡಸರಿಗೆ ಇದು ತಿಳಿಯದು. ಕೊಟ್ಟದ್ದನ್ನು ಬಿಡಬಾರದೆಂದು ಮರ್ಯಾದೆಗೆ ಕುಡಿದರು, ಅವರೂ ಮರ್ಯಾದೆಗೆ ತಂದಿಟ್ಟರು. ಕೊನೆಗೆ ವಸ್ತಾರೆಯ ಬೆಳೆಗಾರರೊಬ್ಬರನ್ನು ಇಬ್ಬರು ಹಿಡಿದು ಬಸ್ಸಿಗೆ ಹತ್ತಿಸಬೇಕಾಯಿತು. ಅವತ್ತು ನಾನು, ಭಾಗಮ್ಮ, ಮಲ್ಲಿ ಮೂವರೂ ಸೇಬಿನ ರಸ ಕುಡಿದೆವು. ಭಾಗಮ್ಮ ಇದನ್ನು ನಿನಗೆ ಹೇಳಿರುವುದಿಲ್ಲ.

ಮೂರನೆಯ ಊರು ಬಾಂಬೆರ್ಗ್. ಅಲ್ಲಿ ಮಾಲ್ಟನ್ನು, ಅಂದರೆ ಮೊಳಕೆ ಬಂದ ಬಾರ್ಲಿಯನ್ನು, ಸೌದೆಯ ಹೊಗೆಯಲ್ಲಿ ಒಣಗಿಸಿ ಬಿಯರ್ ಮಾಡುತ್ತಾರೆ. ಒಬ್ಬ ಮುದುಕ, ತಲೆಮಾರುಗಳಿಂದ ಅದೇ ಕಸುಬಿನವನು, ನಮಗೆಲ್ಲ ರುಚಿ ನೋಡಲು ಕೊಟ್ಟ. ರುಚಿ ನೋಡಿ ಎಂದನೋ ಇಲ್ಲವೋ, ನಾನು ಚೀಲದಿಂದ ಬೆಳ್ಳಿ ಚಮಚ ತೆಗೆದೆ. ಕಲಿತವಳು ನಾನಲ್ಲವೇ, ಎಲ್ಲರೂ ತೆಗೆದರು. ಸೊರ್ ಎಂದು ಎಳೆದೆವು. ಬಾಯಲ್ಲಿ ಹೊರಳಿಸಿದೆವು. ಪೀಕದಾನಿ ಎಲ್ಲಿದೆ ಎಂದು ನೋಡುತ್ತೇನೆ, ಇಲ್ಲ. ಕಿಟಕಿಯಲ್ಲಿ ಕೆಂಪು ಹೂವಿನ ಕುಂಡ ಇತ್ತು, ಬಗ್ಗಿ ಅದಕ್ಕೇ ಉಗುಳಿದೆ. ನನ್ನ ಹಿಂದೆ ತಂಡದವರೆಲ್ಲ ಸಾಲು ನಿಂತು ಒಬ್ಬರಾದ ಮೇಲೆ ಒಬ್ಬರು ಅದೇ ಕುಂಡಕ್ಕೆ ಉಗುಳಿದರು. ಆ ಮುದುಕ ಪಾಪ ಬೆಂಚಿನ ಮೇಲೆ ಕುಸಿದು ಕೂತ, ಶಂಕರಿ. ಅವನ ಮುಖ ನೋಡಿದರೆ ಅವನ ಕೂಸನ್ನೇ ನಾವು ಬೈದಂತಿತ್ತು.

ದುಭಾಷಿ ಹುಡುಗಿಯ ಮೂಲಕ ಅವನು ಹೇಳಿದ್ದು ಇಷ್ಟು: ಬಿಯರನ್ನು ಉಗುಳಬಾರದು, ಅದರ ಕಹಿ ಸಿಗುವುದು ನಾಲಿಗೆಯಲ್ಲಲ್ಲ, ಗಂಟಲಲ್ಲಿ, ನುಂಗದವರಿಗೆ ಅದರ ರುಚಿ ಅರ್ಧ ಮಾತ್ರ. ಇದರಲ್ಲಿ ಏನೇನಿದೆ ಎಂದು ಕೇಳಿದೆ. ಬಾರ್ಲಿ, ನೀರು, ಯೀಸ್ಟು, ಹಾಪ್ಸ್ ಎಂಬ ಬಳ್ಳಿಯ ಹೂವು, ಬೇರೆ ಏನೂ ಇಲ್ಲ ಎಂದ. ಅಪ್ಪಟ ಸಸ್ಯಾಹಾರ. ಆ ದೇಶದಲ್ಲಿ ನನ್ನ ಮಡಿಗೆ ಒಗ್ಗುವುದು ಆಲೂಗಡ್ಡೆ ಬಿಟ್ಟರೆ ಅದೊಂದೇ. ಅವನ ಮನಸ್ಸು ನೋಯಿಸಿದ್ದಕ್ಕೆ ಒಂದು ಗುಟುಕು ನುಂಗಿದೆ.

ಏಲಕ್ಕಿ ಒಣಗಿಸುವ ಕೋಣೆಯೊಳಗೆ ಹೋದಂತಾಯಿತು. ಕಾಫಿಯಲ್ಲಿ ಆ ಹೊಗೆ ವಾಸನೆ ಬಂದಿದ್ದರೆ ಮೂಟೆಗೆ ಮೂಟೆ ಪಕ್ಕಕ್ಕೆ ತಳ್ಳುತ್ತಿದ್ದೆ. ಇಲ್ಲಿ ಅದೇ ಬೇಕೆನಿಸಿತು. ಇನ್ನೊಂದು ಗುಟುಕು ನುಂಗಿದೆ. ಏನು ಹೊಳೆಯಿತು ಗೊತ್ತಾ? ಇಷ್ಟು ವರ್ಷ ನಾನು ಬಾಯಿಗೆ ಹಾಕಿಕೊಂಡದ್ದೆಲ್ಲ ತಪ್ಪು ಹುಡುಕುವುದಕ್ಕೆ. ಮನೆಯವರ ಸಾರಿಗೆ ಉಪ್ಪು ಸರಿಯಿದೆಯೋ, ಕಾಫಿಗೆ ಹುಳಿ ಜಾಸ್ತಿಯೋ. ನನಗೆ ಇಷ್ಟವೇ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಅಲ್ಲೇ ನಿಂತು ಕಣ್ಣಲ್ಲಿ ನೀರು ತಂದುಕೊಂಡೆ. ಭಾಗಮ್ಮ ಅದನ್ನು ಹೊಗೆಗೆ ಎಂದುಕೊಂಡಳು.

ಹಾಪ್ಸಿನ ತೋಟಕ್ಕೂ ಹೋಗಿದ್ದೆವು. ನಮ್ಮ ಮೆಣಸಿನ ಬಳ್ಳಿ ಸಿಲ್ವರ್ ಓಕ್ ಮರಕ್ಕೆ ಹಬ್ಬಿದಂತೆ ಅದು ಕಂಬ ತಂತಿಗೆ ಹಬ್ಬುತ್ತದೆ. ಅದನ್ನು ನೋಡಿದ ಕೂಡಲೇ ನಮ್ಮವರಿಗೆ ಬಿಯರು ಮರೆತೇ ಹೋಯಿತು. ಎಕರೆಗೆ ಎಷ್ಟು ಬರುತ್ತದೆ, ಆಳು ಸಿಗುತ್ತಾರಾ, ರೋಗ ಬಂದರೆ ಏನು ಹೊಡೆಯುತ್ತೀರಿ ಎಂದು ಶುರು ಹಚ್ಚಿಕೊಂಡರು. ಅಲ್ಲೂ ಮೈಲುತುತ್ತವಂತೆ, ಅಲ್ಲೂ ಆಳು ಇಲ್ಲವಂತೆ.

ಮ್ಯೂನಿಕ್ಕಿನಲ್ಲಿ ಗೋಧಿಯ ಬಿಯರು. ಒಂದು ಗುಟುಕು ಕುಡಿದು ನಾನು ಪುಟ್ಟಬಾಳೆ ಹಣ್ಣು ಮತ್ತು ಲವಂಗ ಎಂದೆ. ಎಲ್ಲರೂ ನಕ್ಕರು, ನಂಜಮ್ಮನವರಿಗೆ ಊರಿನ ನೆನಪಾಗಿದೆ ಎಂದರು. ಮಲ್ಲಿ ಒಬ್ಬನೇ ನಂಬಿದ. ದುಭಾಷಿ ವಿಚಾರಿಸಿದರೆ, ಆ ಯೀಸ್ಟಿಗೆ ಬರುವುದೇ ಬಾಳೆಹಣ್ಣಿನ, ಲವಂಗದ ವಾಸನೆ, ಈಕೆಗೆ ಹೇಗೆ ತಿಳಿಯಿತು ಎಂದು ಬಿಯರು ಮಾಡುವವರೇ ಕೇಳಿದರು. ಆ ದಿನ ನನ್ನ ತಲೆ ಸೂರಿಗೆ ತಾಗುತ್ತಿತ್ತು.

ಇನ್ನು ಪಿಲ್ಸೆನ್. ಅದು ಜರ್ಮನಿಯಲ್ಲ, ಗಡಿ ದಾಟಿದರೆ ಬೊಹೀಮಿಯಾ, ಜೆಕ್ಕರ ನಾಡು. ಯಾರು ಕೇಳಿದರೂ ನನ್ನ ತೀರ್ಪು ಇದೇ: ಲೋಕದಲ್ಲಿ ಒಳ್ಳೆಯ ಬಿಯರು ಅಲ್ಲಿಯದು. ಹೊಂಬಣ್ಣ, ಬೆಣ್ಣೆಯಂಥ ನೊರೆ, ಮೊದಲು ರೊಟ್ಟಿಯ ಸಿಹಿ, ಗಂಟಲಿಗೆ ಇಳಿಯುವಾಗ ಕಹಿ. ಹಾಗಲಕಾಯಿ ಗೊಜ್ಜು ಪ್ರೀತಿಸುವ ನಮ್ಮಂಥವರಿಗೆಂದೇ ಮಾಡಿದ್ದು. ಮಲ್ಲಿ ಮಾತ್ರ ಬವೇರಿಯಾದ್ದೇ, ಅಂದರೆ ಮ್ಯೂನಿಕ್ಕಿನ ಕಡೆಯದ್ದೇ, ಮೇಲು ಎನ್ನುತ್ತಾನೆ, ಈಗಲೂ. ಅವನಿಗೆ ಮೃದುವಾದದ್ದು ಬೇಕು. ಬೆಂಗಳೂರಿನ ಬಿಯರನ್ನೂ ಬಂದ ಮೇಲೆ ನನ್ನ ಮಗ ಅರುಣನ ಜೊತೆ ಕೂತು ನೋಡಿದೆ. ಸ್ವಲ್ಪ ಸಿಹಿ, ಆದರೆ ಏಪ್ರಿಲ್ ಬಿಸಿಲಿಗೆ ಅದೇ ಸರಿ.

ಈಗ ನಿನ್ನ ಎರಡನೇ ಪ್ರಶ್ನೆ. ಮ್ಯೂನಿಕ್ಕಿನಲ್ಲಿ ಮಲ್ಲಿ ನಂಬಿದ ಎಂದು ಬರೆದೆನಲ್ಲ, ಅಲ್ಲಿ ಒಂದನ್ನು ಹಾರಿಸಿದ್ದೆ. ಹೇಗೆ ನಂಬಿದ ಎಂದರೆ, ನನ್ನ ಗ್ಲಾಸನ್ನೇ ಎತ್ತಿಕೊಂಡು, ನಾನು ಕುಡಿದ ಕಡೆಯಿಂದಲೇ ಕುಡಿದು ನೋಡಿ ನಂಬಿದ. ನನ್ನ ಎಂಜಲು, ಶಂಕರಿ. ಹುಡುಗನಾಗಿದ್ದಾಗ ನೀನು ಕಚ್ಚಿದ ಸೀಬೆಹಣ್ಣನ್ನೂ ತಿನ್ನದೆ ಅತ್ತವನು. ಭಾಗಮ್ಮ ಕಣ್ಣು ಬಿಟ್ಟುಕೊಂಡು ನೋಡಿದಳು. ಅವಳು ನಿನಗೆ ಹೇಳಿದ್ದು ಬಿಯರಿನ ಸುದ್ದಿ, ಹೊಟ್ಟೆಯಲ್ಲಿ ಇಟ್ಟುಕೊಂಡಿರುವುದು ಇದು. ಅವಳ ಬಾಯಿಂದ ಬರುವ ಮೊದಲು ನನ್ನ ಕೈಯಿಂದ ಬರಲಿ.

ಪಿಲ್ಸೆನ್ನಿನ ಹೊಳೆ ದಂಡೆಯಲ್ಲಿ ಬೆಂಚಿನ ಮೇಲೆ ಕೂತು ಯಾವ ಊರಿನ ಬಿಯರು ಮೇಲೆಂದು ನಾವಿಬ್ಬರೂ ಮಕ್ಕಳ ಹಾಗೆ ಜಗಳವಾಡಿದೆವು. ಜಗಳ ಮುಗಿದ ಮೇಲೆ ಅವನು ಒಂದು ಮಾತು ಹೇಳಿದ.

"ಇನ್ನು ಮುಂದೆ ನಿಮ್ಮನ್ನ ನಂಜಕ್ಕ ಅಂತ ಕರೆಯೋಕೆ ನನ್ನ ಕೈಲಿ ಆಗಲ್ಲ. ಬೇರೆ ಏನು ಕರೀಲಿ, ನೀವೇ ಹೇಳಿ."

ನನಗಿಂತ ಎರಡು ವರ್ಷ ಚಿಕ್ಕವನು. ನಿಮ್ಮ ಮನೆಗೆ ನಾನು ಮೊದಲು ಬಂದಾಗ ಚಡ್ಡಿ ಹಾಕಿಕೊಂಡು ನಿನ್ನ ಬೆನ್ನ ಹಿಂದೆ ನಿಂತಿದ್ದವನು. ಹೆಂಡತಿ ಹೋಗಿ ಆರು ವರ್ಷವಾಯಿತು, ಮಗಳು ಕೃತಿಕಾ ಗಂಡನ ಮನೆಯಲ್ಲಿ ಚೆನ್ನಾಗಿದ್ದಾಳೆ. ಬೈಯಬೇಕಿತ್ತು ನಾನು. ಬೈಯಲು ಬಾಯಿ ತೆರೆದರೆ ನಗು ಬಂತು, ನಗುತ್ತ ಅಳು ಬಂತು. ಮೊದಲು ಶಂಕರೀನ ಕೇಳ್ಬೇಕು ಮಲ್ಲಿ ಎಂದೆ. ಅವನ ಮುಖ ಇಳಿದುಹೋಯಿತು. ವಾಪಸು ಬರುವಾಗ ಬ್ರಸೆಲ್ಸಿನಲ್ಲಿ ಹುಳಿ ಬಿಯರು ಕೊಟ್ಟರು, ಮೂರು ದಿನದ ದೋಸೆ ಹಿಟ್ಟಿನಂತೆ ಹುಳಿ. ಅದನ್ನೂ ನಾನು ಸವಿದು ಕುಡಿದೆ ಎಂದರೆ ನನ್ನ ಸ್ಥಿತಿ ತಿಳಿದುಕೋ.

ನಿನಗೆ ಯಾಕೆ ಸಿಟ್ಟೆಂದು ನನಗೆ ಗೊತ್ತು. ನಿನ್ನ ಯಜಮಾನರನ್ನು, ನಮ್ಮ ಭಾವನವರನ್ನು, ಕುಡಿತ ಹೇಗೆ ಅರೆದು ಹಾಕಿತೆಂದು ನಾನೂ ನಿನ್ನ ಪಕ್ಕದಲ್ಲಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನೋಡಿದವಳು. ಅವರು ಕುಡಿದದ್ದಕ್ಕೆ ರುಚಿಯೂ ಇರಲಿಲ್ಲ, ನಿಲುಗಡೆಯೂ ಇರಲಿಲ್ಲ. ನಾನು ಅಲ್ಲಿ ಕುಡಿದದ್ದೆಲ್ಲ ಸೇರಿಸಿದರೂ ಒಂದು ಚೊಂಬು ತುಂಬುವುದಿಲ್ಲ, ಮಲ್ಲಿ ಅದಕ್ಕಿಂತ ಕಡಿಮೆ. ಆದರೂ ನಿನ್ನ ಹೆದರಿಕೆಗೆ ಲೆಕ್ಕ ಹೇಳಿ ಸಮಾಧಾನ ಮಾಡಲಾರೆ. ನಿನ್ನ ಹೊಸ್ತಿಲೊಳಗೆ ಯಾವತ್ತೂ ಒಂದು ಬಾಟಲಿ ಬರುವುದಿಲ್ಲ, ಇದು ನನ್ನ ಮಾತು. ಬಿಯರು ಬಿಡು ಎಂದರೆ ನಿನಗೋಸ್ಕರ ಬಿಯರನ್ನೂ ಬಿಡುತ್ತೇನೆ, ಬೇಸರದಿಂದಲೇ ಬಿಡುತ್ತೇನೆ.

ಮಲ್ಲಿಯ ವಿಷಯದಲ್ಲೂ ನೀನು ಬೇಡ ಎಂದರೆ ಬೇಡ ಎಂದು ಇಲ್ಲಿ ಒಂದು ಸಾಲು ಬರೆದಿದ್ದೆ. ಹೊಡೆದು ಹಾಕಿದ್ದೇನೆ, ಕಾಣುತ್ತಿದೆಯಲ್ಲ? ಅದು ಸುಳ್ಳು. ನೀನು ಬೇಡ ಎಂದರೂ ನಾನು ಅವನನ್ನು ಮದುವೆಯಾಗುತ್ತೇನೆ. ಅರುಣನಿಗೆ ಹೇಳಿದೆ, ಕೃತಿಕಾಳಿಗೆ ಮಲ್ಲಿ ಹೇಳಿದ. ಶಂಕರತ್ತೆಗೆ ಹೇಳಿದ್ರಾ ಎಂದು ಇಬ್ಬರೂ ಒಂದೇ ಪ್ರಶ್ನೆ ಕೇಳಿದರು. ತಾಯಿಯಿಲ್ಲದ ಮಲ್ಲಿಗೆ ಅನ್ನ ಕಲೆಸಿ ಹಾಕಿದವಳು ನೀನು. ಚಿಕ್ಕಮಗಳೂರಿನ ರಿಜಿಸ್ಟ್ರಾರ್ ಆಫೀಸಿನಲ್ಲಿ ನನ್ನ ಕಡೆಯಿಂದ ಸಾಕ್ಷಿ ಹಾಕುವುದಕ್ಕೆ ನಿನ್ನನ್ನು ಬಿಟ್ಟು ಬೇರೆ ಯಾರನ್ನೂ ನಾನು ಕರೆಯುವುದಿಲ್ಲ. ನೀನು ಬರದಿದ್ದರೂ ಮದುವೆ ಆಗುತ್ತದೆ, ನಾನು ನಗುತ್ತೇನೆ, ಆದರೆ ಈಗ ನಗುವ ಹಾಗೆ ಅಲ್ಲ.

ನಾದಿನಿ ಎಂದು ಬರೆಯಲು ಇನ್ನೂ ನಿನ್ನ ಅಪ್ಪಣೆ ಸಿಕ್ಕಿಲ್ಲದ ಕಾರಣ, ಸದ್ಯಕ್ಕೆ

ನಿನ್ನ ಗೆಳತಿ,
ನಂಜಿ

ತಾ.ಕ.: ಲಕೋಟೆಗೆ ಸ್ಟಾಂಪು ಇಲ್ಲ, ನೋಡಿದೆಯಾ? ಇದನ್ನು ಅಂಚೆಗೆ ಹಾಕುವಷ್ಟು ತಾಳ್ಮೆ ಇರಲಿಲ್ಲ. ಬೆಳಿಗ್ಗೆ ಮಲ್ಲಂದೂರು ಬಿಟ್ಟು ಈಗ ಕಳಸದಲ್ಲಿ, ನಿನ್ನ ಗೇಟಿನ ಆಚೆ ಹಲಸಿನ ಮರದ ಕೆಳಗೆ ಜೀಪಿನಲ್ಲಿ ಕೂತು ಈ ಸಾಲು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ಸ್ಟೇರಿಂಗ್ ಹಿಡಿದುಕೊಂಡು ಕೂತಿರುವವನು ನಿನ್ನ ತಮ್ಮ. ನಿಮ್ಮ ಮನೆ ಕೆಲಸದ ಯಲ್ಲಮ್ಮನನ್ನು ಕರೆದು ಕಾಗದ ಒಳಗೆ ಕಳಿಸುತ್ತಿದ್ದೇವೆ, ಯಾರು ಕೊಟ್ಟರೆಂದು ಹೇಳಬೇಡ ಎಂದಿದ್ದೇವೆ. ಇಬ್ಬರೂ ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಒಳಗೆ ಬರಲು ಇಬ್ಬರಿಗೂ ಧೈರ್ಯವಿಲ್ಲ. ಸಿಟ್ಟು ಇಳಿದಿಲ್ಲವಾದರೆ ಗೇಟಿಗೆ ಬೀಗ ಹಾಕಿಸು, ಇವತ್ತಿಗೆ ತಿರುಗಿ ಹೋಗುತ್ತೇವೆ. ಇಳಿದಿದ್ದರೆ ನೀನೇ ಬಂದು ಕರೆಯಬೇಕು. ಯಲ್ಲಮ್ಮನನ್ನು ಕಳಿಸಿದರೆ ನಾವು ಜೀಪು ಇಳಿಯುವುದಿಲ್ಲ.