ಮ್ಯಾಟಿನ ಹೊಟ್ಟೆಗೆ ಜೋಳ

ಉಳ್ಳೂರ್, ತಿರುವನಂತಪುರ
೧೦ ಜುಲೈ ೨೦೦೬

ಪ್ರೀತಿಯ ಅತ್ತೆಯವರಿಗೆ ವಸಂತಾಳ ನಮಸ್ಕಾರಗಳು.

ಕಣ್ಣು ಹೇಗಿದೆ? ಪೊರೆ ತೆಗೆದ ಕಣ್ಣಿಗೆ ಹೊಗೆ, ಒಗ್ಗರಣೆಯ ಘಾಟು ತಾಗಬಾರದು ಎಂದು ಡಾಕ್ಟರು ಹೇಳಿದ್ದಾರಂತೆ. ಮಗಳ ಮನೆಯಲ್ಲಿ ಸುಮ್ಮನೆ ಕೂರಲಾರದೆ ನೀವು ಒಲೆಯ ಮುಂದೆಯೇ ನಿಂತಿರುತ್ತೀರಿ ಎನ್ನುವುದು ನಿಮ್ಮ ಮಗನ ಅನುಮಾನ. ಹುಬ್ಬಳ್ಳಿಯಲ್ಲಿ ಮಳೆ ಹಿಡಿಯಿತೇ? ಈ ಕಾಗದವನ್ನು ತನುಶ್ರೀ ಓದಿ ಹೇಳಲಿ, ಮೊಮ್ಮಗಳಿಗೆ ಅಜ್ಜಿಯ ಪಕ್ಕದಲ್ಲಿ ಕೂರಲು ಒಂದು ನೆಪವಾಗುತ್ತದೆ. ನಾವೆಲ್ಲ ಆರಾಮ. ಧ್ರುವ ಮಾತ್ರ ದಿನಕ್ಕೊಮ್ಮೆ ‘ಅಜ್ಜಿ ಎಪ್ಪೋಳ್ ವರುಂ’ ಎಂದು ಮಲಯಾಳದಲ್ಲೇ ಕೇಳುತ್ತಾನೆ. ‘ಯಾವಾಗ ಬರ್ತಾರೆ’ ಅಂತ ಕನ್ನಡದಲ್ಲಿ ಕೇಳಿದರೆ ಹೇಳುತ್ತೇನೆ ಎಂದರೆ ನಕ್ಕು ಓಡುತ್ತಾನೆ.

ಫೋನಿನಲ್ಲೇ ಹೇಳಬಹುದಿತ್ತು, ಆದರೆ ಇದು ಮುಟ್ಟಿ ನೋಡಬೇಕಾದ ವಿಷಯ. ಲಕೋಟೆಯಲ್ಲಿ ಅಂಗೈಯಗಲದ ಮೂರು ತುಂಡುಗಳನ್ನು ಹೊಲಿದಿಟ್ಟಿದ್ದೇನೆ. ಕಣ್ಣು ಬೇಡ, ಬೆರಳು ಸಾಕು. ಕೊಚ್ಚಿಯ ಮೇರಿ ನೆನಪಿರಬೇಕು, ಕ್ರಿಸ್‌ಮಸ್ ಸಮಯದಲ್ಲಿ ನಮ್ಮ ಮನೆಗೆ ಬಂದಿದ್ದಾಗ ನೀವು ಹಳೆಯ ಸೀರೆಗಳನ್ನು ಪದರ ಹಾಕಿ ಹೊಲಿದ ಕೌದಿಯ ಮೇಲೆ ಕೈಯಾಡಿಸುತ್ತ ಕಾಫಿ ತಣ್ಣಗಾಗಿಸಿಕೊಂಡವಳು. ಫೋರ್ಟ್ ಕೊಚ್ಚಿಯ ತನ್ನ ಹಳೆಯ ಮನೆಯಲ್ಲಿ ಪ್ರವಾಸಿಗರಿಗೆ ಊಟ, ವಸತಿ ಕೊಡುತ್ತಾಳಲ್ಲ, ಅವಳೇ. ನೀವು ಹುಬ್ಬಳ್ಳಿಗೆ ಹೊರಟ ಮೇಲೆ ಅವಳು ಫೋನ್ ಮಾಡಿ, ಊಟದ ಮೇಜಿಗೆ ಕೌದಿಯ ಹೊಲಿಗೆಯಲ್ಲೇ ತಟ್ಟೆಯ ಕೆಳಗೆ ಹಾಕುವ ಮ್ಯಾಟುಗಳು ಬೇಕು, ಮೇಜಿನ ನಡುವೆ ಉದ್ದಕ್ಕೆ ಹಾಸುವ ಒಂದು ರನ್ನರ್ ಕೂಡ ಬೇಕು, ಓಣಂ ಹೊತ್ತಿಗೆ ಕೊಡಿ ಎಂದಳು. ನನಗೆ ಬಂದ ಮೊದಲ ಆರ್ಡರ್. ನೀವು ಕಲಿಸಿದ್ದು ನೀವು ಪಕ್ಕದಲ್ಲಿಲ್ಲದಾಗಲೂ ನನ್ನ ಕೈಯಲ್ಲಿ ನಿಲ್ಲುತ್ತದೆಯೇ ಎಂದು ಇದರಿಂದಲೇ ಗೊತ್ತಾಗಬೇಕಿತ್ತು. ಹೊಲಿಗೆಯ ಬಗ್ಗೆ ಅನುಮಾನವಿರಲಿಲ್ಲ. ಒಳಗೆ ಏನು ತುಂಬುವುದು ಎನ್ನುವಲ್ಲಿ ಸಿಕ್ಕಿಬಿದ್ದೆ.

ಉಬ್ಬಿಕೊಂಡು ಜಾರುವ ತುಂಡು ನಿಮ್ಮ ಬೆರಳಿಗೆ ಮೊದಲು ಸಿಗುತ್ತದೆ. ಅದು ಚಾಲ ಬಜಾರಿನಲ್ಲಿ ಸಿಗುವ ಪಾಲಿಯೆಸ್ಟರ್ ಹತ್ತಿಯ ಹಾಳೆ. ನೋಡಲು ಅಂಗಡಿಯ ಸಾಮಾನಿನಂತೆ ಚೆನ್ನ, ಆದರೆ ಅದರ ಮೇಲೆ ನೀರಿನ ಲೋಟ ನೆಟ್ಟಗೆ ನಿಲ್ಲುವುದಿಲ್ಲ. ನಿಮ್ಮ ಮಗ ರಾಕೆಟ್ಟಿನ ಬಿಸಿಯ ಲೆಕ್ಕ ಹಾಕುವವರಲ್ಲವೇ, ಭಾನುವಾರ ಒಲೆಯಿಂದಿಳಿದ ಕುಕ್ಕರನ್ನು ಅದರ ಮೇಲಿಟ್ಟು ಗಡಿಯಾರ ನೋಡುತ್ತ ಕುಳಿತರು. ಒಳಗಿನ ಹತ್ತಿ ಕರಗಿ ಹಪ್ಪಳದಂತಾಯಿತು. ‘ಇದು ವಾಪಸ್ ಭೂಮಿಗೆ ಬರೋದಿಲ್ಲ’ ಎಂದು ತೀರ್ಪು ಕೊಟ್ಟು ಎದ್ದರು. ಗಂಟುಗಂಟಾಗಿರುವ ತುಂಡು ಹಾಸಿಗೆ ಹೊಲಿಯುವವರಿಂದ ತಂದ ಅರಳೆ. ಬಿಸಿ ತಡೆಯುತ್ತದೆ, ಆದರೆ ಒಗೆದರೆ ಒಂದು ಮೂಲೆಗೆ ಸರಿದುಕೊಳ್ಳುತ್ತದೆ, ಈ ಊರಿನ ಮಳೆಯಲ್ಲಿ ಒಣಗುವ ಮೊದಲೇ ಬೂಷ್ಟು ಹಿಡಿಯುತ್ತದೆ. ಮೂಸಿ ನೋಡಿದರೆ ನಿಮಗೇ ತಿಳಿಯುತ್ತದೆ. ಕೊನೆಗೆ ನಿಮ್ಮ ದಾರಿಗೇ ಬಂದೆ, ಹಳೆಯ ಬಟ್ಟೆಯ ಪದರ. ಆದರೆ ಮೇರಿಗೆ ಮೇಲುಬಟ್ಟೆ ತಿಳಿ ಬಣ್ಣದ್ದೇ ಆಗಬೇಕು, ಹಳೆಯ ಸೀರೆಗಳ ಬಣ್ಣ ಅದರಲ್ಲಿ ಹಾದು ಕಾಣುತ್ತಿತ್ತು. ಆಗ ಕಣ್ಣಿಗೆ ಬಿದ್ದದ್ದು ಹಗ್ಗದ ಮೇಲಿದ್ದ ನಿಮ್ಮ ಮಗನ ಮುಂಡು, ಈ ಊರಿನ ಬಿಳಿ ಪಂಚೆ. ಒಗೆದು ಒಗೆದು ಹೂವಿನಂತಾದ ಮುಂಡನ್ನು ಮ್ಯಾಟಿಗೆ ಮೂರು ಪದರ ಹಾಕಿದೆ. ರನ್ನರಿನ ಮೇಲೆ ಬಿಸಿ ಪಾತ್ರೆ ಇಡುವುದರಿಂದ ಅದರಡಿ ಒಂದು ಹಳೆಯ ಟರ್ಕಿ ಟವೆಲ್ ಸೇರಿಸಿದೆ. ಚಪ್ಪಟೆಯಾಗಿ ಕೂರುತ್ತದೆ, ಫ್ಯಾನಿನ ಗಾಳಿಗೇ ಒಣಗುತ್ತದೆ. ಮೂರನೆಯ ತುಂಡು ಅದೇ. ಹಿಚುಕಿ ನೋಡಿ, ಇದು ಸರಿಯಾದ ಆಯ್ಕೆ ಎಂದು ಧೈರ್ಯವಾಗಿ ಹೇಳುತ್ತೇನೆ.

ತಪ್ಪಾದದ್ದು ಬೇರೆಡೆ. ಮೊದಲು ಎರಡು ಮ್ಯಾಟುಗಳನ್ನು ಮಾದರಿಗೆ ಕಳಿಸಿದ್ದೆ. ಕೊನೆಯ ಮೂಲೆ ಮುಚ್ಚುವಾಗ ಕೈ ತಾನಾಗಿಯೇ ಡಬ್ಬಿಗೆ ಹೋಗಿ ನಾಲ್ಕು ಕಾಳು ಜೋಳ ಒಳಗೆ ಹಾಕಿತು. ‘ಕೌದಿ ಹೊಟ್ಟಿ ಖಾಲಿ ಇಟ್ಟು ಮುಚ್ಚಬಾರದವಾ, ಹೊತ್ಕೊಂಡವರು ಹಸಕೊಂಡು ಮಲಗ್ತಾರ’ ಎನ್ನುತ್ತಿದ್ದಿರಲ್ಲ. ನಿಮ್ಮ ಊರಿನಲ್ಲಿ ಕೌದಿ ಒಗೆಯುವುದು ವರ್ಷಕ್ಕೊಮ್ಮೆ, ಬಂಡೆಯ ಮೇಲೆ ಹರವಿದರೆ ಅರ್ಧ ದಿನದಲ್ಲಿ ಗರಿಗರಿ. ಊಟದ ಮ್ಯಾಟನ್ನು ವಾರವಾರವೂ ಒಗೆಯುತ್ತಾರೆ ಎಂದು ನನಗೆ ಹೊಳೆಯಲೇ ಇಲ್ಲ. ನನ್ನನ್ನು ಅಕ್ಕ ಎಂದೇ ಕರೆಯುವ ಮೇರಿ ಫೋನ್ ಮಾಡಿದಳು. ‘ವಸಂತಾ ಚೇಚೀ, ನಾನು ಕೇಳಿದ್ದು ಮ್ಯಾಟ್, ಪಾಡಂ ಅಲ್ಲ.’ ಪಾಡಂ ಎಂದರೆ ಗದ್ದೆ. ಮಳೆಯಲ್ಲಿ ಒಣಗದ ಮ್ಯಾಟಿನ ಮೂಲೆಯಿಂದ ಹಸಿರು ಮೊಳಕೆ ಇಣುಕಿತ್ತಂತೆ, ಜರ್ಮನಿಯ ಅತಿಥಿಯೊಬ್ಬರು ಫೋಟೋ ಕೂಡ ತೆಗೆದರಂತೆ. ನಕ್ಕಳು, ಆದರೆ ನಕ್ಕು ಮುಗಿಸಿ, ಇನ್ನೊಮ್ಮೆ ಹೀಗಾದರೆ ಅಂಗಡಿಯದನ್ನೇ ತರುತ್ತೇನೆ ಎಂದಳು.

ಕಾಳು ಹಾಕದೆ ಬಿಡುವುದು ಸುಲಭ. ಕಾನ್ವೆಂಟಿನಲ್ಲಿ ಓದಿದ ನಾನು ನಾಲ್ಕು ಕಾಳಿಗೆ ಹೆದರುತ್ತೇನೆಯೇ ಎಂದು ನನ್ನನ್ನೇ ಕೇಳಿಕೊಂಡೆ. ಹೆದರಿಕೆಯಲ್ಲ. ನನಗೆ ಪರಿಚಯವಿಲ್ಲದವರು ಕೂತು ಉಣ್ಣುವ ಮೇಜಿಗೆ ಬರಿಹೊಟ್ಟೆಯದೊಂದನ್ನು ಕಳಿಸಲು ಮನಸ್ಸಾಗಲಿಲ್ಲ, ಅಷ್ಟೆ. ಧ್ರುವನಿಗೆ ಬಡಿಸುವಾಗ ಉತ್ತರ ಹೊಳೆಯಿತು. ಕೌದಿಯ ಮೇಲೆ ಯಾರೂ ಅನ್ನ ಬಡಿಸುವುದಿಲ್ಲ, ಅದಕ್ಕೇ ಒಳಗೆ ಕಾಳು ಬೇಕು. ಮ್ಯಾಟಿನ ಮೇಲೆ ದಿನವೂ ತುಂಬಿದ ತಟ್ಟೆ ಕೂರುತ್ತದೆ, ಅದು ಹಸಿದಿರುವುದು ಹೇಗೆ? ಇದು ಅನುಕೂಲಕ್ಕೆ ಕಟ್ಟಿಕೊಂಡ ವಾದವೇ ಎಂದು ಸ್ವಲ್ಪ ದಿನ ತೂಗಿ ನೋಡಿದೆ. ಅಲ್ಲ ಅನ್ನಿಸಿತು. ಕಾಳಿಲ್ಲದ ಒಂದು ಮ್ಯಾಟನ್ನು ಮೇರಿಗೆ ಕಳಿಸಿದೆ. ಒಗೆದು, ಮಳೆಯಲ್ಲೇ ಒಣಗಿಸಿ, ‘ಮಿಕ್ಕದ್ದೂ ಹೀಗೇ ಇರಲಿ’ ಎಂದಳು. ಮ್ಯಾಟುಗಳನ್ನೆಲ್ಲ ಮುಚ್ಚಿದ್ದೇನೆ. ನಿಮಗೆ ಬೇಸರವಾಗದು ಎಂಬ ನಂಬಿಕೆ ನನಗಿದೆ.

ನಾದಿನಿಗೆ, ಅವರ ಯಜಮಾನರಿಗೆ ನನ್ನ ನೆನಪು ಹೇಳಿ. ತನುಶ್ರೀಗೆ ಓದಿದ ಕೂಲಿಯಾಗಿ ಒಂದು ಮುತ್ತು. ಹೊತ್ತಿಗೆ ಸರಿಯಾಗಿ ಹನಿ ಹಾಕಿಸಿಕೊಳ್ಳಿ, ಕಣ್ಣು ಉಜ್ಜಬೇಡಿ. ನಿಮ್ಮ ಆಶೀರ್ವಾದ ನಮ್ಮೆಲ್ಲರ ಮೇಲಿರಲಿ.

ನಿಮ್ಮ ಸೊಸೆ,
ವಸಂತಾ

ತಾ.ಕ.: ನಿಮ್ಮ ಮಗ ಚಪ್ಪಲಿ ಮೆಟ್ಟಿಕೊಂಡು ಲಕೋಟೆಗೆ ಕೈಚಾಚಿ ನಿಂತಿದ್ದಾರೆ, ಆಫೀಸಿನ ಬಸ್ಸಿಗೆ ಹೊತ್ತಾಯಿತು. ಕೇಳಬೇಕಾದದ್ದೇ ಉಳಿಯಿತು. ಮ್ಯಾಟಿನ ಮಾತು ಸರಿ, ರನ್ನರಿನದು? ಅದರ ಮೇಲೆ ಯಾರೂ ಉಣ್ಣುವುದಿಲ್ಲ. ಪಾತ್ರೆಗಳು ಬಂದು ಕೂತು ಎದ್ದು ಹೋಗುತ್ತವೆ, ಅದು ನಡುವೆ ಮಲಗಿ ಎಲ್ಲರೂ ಉಣ್ಣುವುದನ್ನು ನೋಡುತ್ತಿರುತ್ತದೆ. ಅದನ್ನು ಖಾಲಿ ಮುಚ್ಚಲು ನನ್ನಿಂದಾಗಲಿಲ್ಲ. ಹುರಿದ ಜೋಳವಾದರೆ ಮೊಳೆಯುವುದಿಲ್ಲ, ಆದರೆ ಹುರಿದದ್ದು ನಡೆಯುತ್ತದೆಯೇ? ಇದಕ್ಕೆ ಫೋನಿನಲ್ಲಿ ಉತ್ತರ ಬೇಡ. ಡಾಕ್ಟರು ಪ್ರಯಾಣಕ್ಕೆ ಒಪ್ಪಿದ ದಿನವೇ ಹೇಳಿ, ನಿಮ್ಮ ಮಗ ಬಂದು ಕರೆತರುತ್ತಾರೆ. ರನ್ನರಿನ ಒಂದು ಮೂಲೆ ತೆರೆದಿಟ್ಟಿದ್ದೇನೆ, ದಾರ ಪೋಣಿಸಿದ ಸೂಜಿ ಅಲ್ಲೇ ಚುಚ್ಚಿಕೊಂಡಿದೆ.